ಡಿಪ್ಲೊಮಾಗೆ ಸೇರಿದ್ರೆ ಇಂಜಿನಿಯರ್ ಆಗೋಕೆ ಆಗಲ್ವಂತೆ, ಹೌದಾ ಸಾರ್?

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ವಾರ ನನ್ನ ಫೋನಿಗೆ ಬಿಡುವಿಲ್ಲ. ಪ್ರಶ್ನೆ ಮಾತ್ರ ಒಂದೇ. "ಮಗಳನ್ನ ಡಿಪ್ಲೊಮಾಗೆ ಹಾಕೋಣ ಅಂತಿದ್ದೀವಿ ಸಾರ್. ಆದ್ರೆ ಅಲ್ಲಿಗೆ ಹೋದ್ರೆ ಬಿಇ ಮಾಡೋಕೆ ಆಗಲ್ವಂತೆ?"

ಆಗುತ್ತದೆ. ಹೋದ ವರ್ಷವೂ ಇದನ್ನೇ ಹೇಳಿದ್ದೆ, ಅದರ ಹಿಂದಿನ ವರ್ಷವೂ.

ಈ 'ಅಂತೆ' ಎಲ್ಲಿಂದ ಬಂತು ಅಂತ ಕೆದಕಿದರೆ ಪಕ್ಕದ ಮನೆಯವರು ಹೇಳಿದ್ದು ಅನ್ನುತ್ತಾರೆ. ಸುಮ್ನೆ ಬೆರಳು ಮಡಚಿ ಎಣಿಸಿ. ಪಿಯುಸಿ 2 ವರ್ಷ, ಬಿಇ 4 ವರ್ಷ, ಒಟ್ಟು 6. ಎಸ್ಸೆಸ್ಸೆಲ್ಸಿ ಆದಮೇಲೆ ಪಾಲಿಟೆಕ್ನಿಕ್‌ನಲ್ಲಿ ಓದುವ ಡಿಪ್ಲೊಮಾ 3 ವರ್ಷ. ಆಮೇಲೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಡೆಸುವ ಡಿಸಿಇಟಿ ಅನ್ನೋ ಪ್ರವೇಶ ಪರೀಕ್ಷೆ ಬರೆದು ಸೀಟು ಸಿಕ್ಕರೆ ಬಿಇ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು. ಅಲ್ಲಿ 3 ವರ್ಷ. ಎಷ್ಟಾಯಿತು? ಅದೇ 6! ಒಂದು ವರ್ಷವೂ ಜಾಸ್ತಿ ಇಲ್ಲ.

ಇನ್ನೊಂದು ವಿಷಯ. ಮನೆಯಲ್ಲಿ ಏನೋ ಕಷ್ಟ ಬಂದು ಓದು ನಡುವೆ ನಿಂತಿತು ಅಂದುಕೊಳ್ಳಿ. ಬರೀ ಪಿಯುಸಿ ಸೈನ್ಸ್ ಮುಗಿಸಿದವರಿಗೆ ಕಸುಬು ಅಂತ ಏನೂ ಬಂದಿರುವುದಿಲ್ಲ. ಡಿಪ್ಲೊಮಾ ಮುಗಿಸಿದವರು ಕೆಪಿಟಿಸಿಎಲ್ (ರಾಜ್ಯದ ವಿದ್ಯುತ್ ಪ್ರಸರಣ ನಿಗಮ), ರೈಲ್ವೆ, ಲೋಕೋಪಯೋಗಿ ಇಲಾಖೆಯ ಜೂನಿಯರ್ ಇಂಜಿನಿಯರ್ ಹುದ್ದೆಗಳಿಗೆ ಅರ್ಜಿ ಹಾಕಬಹುದು. ಇಷ್ಟಿದ್ದೂ "ಅದು ದಡ್ಡರು ಹೋಗೋದು" ಅನ್ನುವ ಕಾಗಕ್ಕ ಗುಬ್ಬಕ್ಕನ ಕಥೆ ನಿಂತಿಲ್ಲ. ಹಾಗೆ ಅನ್ನುವವರು ಒಂದು ಸಲ ಪಾಲಿಟೆಕ್ನಿಕ್‌ನ ಡ್ರಾಯಿಂಗ್ ಹಾಲಿನಲ್ಲಿ ಒಂದು ಶೀಟು ಮುಗಿಸಿ ತೋರಿಸಲಿ. ಅಷ್ಟೇ ಏಕೆ, ಕಸುಬು ಕಲಿಸುವ 2 ವರ್ಷದ ಐಟಿಐ ಮುಗಿಸಿದವರೂ ಡಿಪ್ಲೊಮಾ ಎರಡನೇ ವರ್ಷಕ್ಕೆ ಸೇರಬಹುದು. ಐಟಿಐನಲ್ಲಿ ಫಿಟ್ಟರ್ ಕೆಲಸ ಓದಿ ಬಿಇ ತನಕ ಹೋದ ಹುಡುಗ ನನ್ನ ಕ್ಲಾಸಿನಲ್ಲೇ ಕೂತಿದ್ದವನು. ಹೇಳಿಕೊಳ್ಳೋದು ನನಗೆ ಇಷ್ಟ, ಹೇಳುತ್ತೇನೆ.

ನಿಜವಾದ ತೊಂದರೆ ಬೇರೆ ಕಡೆ ಇದೆ. ನೇರ ಎರಡನೇ ವರ್ಷಕ್ಕೆ ಹೋದವರಿಗೆ ಬಿಇ ಮೊದಲ ವರ್ಷದ ಗಣಿತ ತಪ್ಪಿಹೋಗಿರುತ್ತದೆ. ಅದನ್ನು ಕೂತು ಕಲಿಯಲೇಬೇಕು. ಡಾಕ್ಟರ್ ಆಗುವ ಆಸೆ ಇದ್ದರೆ ಮಾತ್ರ ಡಿಪ್ಲೊಮಾ ದಾರಿಯೇ ಅಲ್ಲ, ಬಯಾಲಜಿ ಇರುವ ಪಿಯುಸಿಗೇ ಹೋಗಿ.

ಇದೆಲ್ಲ ಕೇಳುವವರು ಮಾರ್ಕ್ಸ್‌ಕಾರ್ಡಿನ ಹೆಸರು ನೋಡಿರುತ್ತಾರಾ? ಇಲ್ಲ! ಇನಿಷಿಯಲ್ ಹಿಂದಿದೆಯೋ ಮುಂದಿದೆಯೋ, ಹುಟ್ಟಿದ ತಾರೀಕು ಸರಿ ಇದೆಯೋ, ಆಧಾರ್‌ನಲ್ಲೂ ಹಾಗೇ ಇದೆಯೋ? ಸರ್ಕಾರಿ ಕೆಲಸಕ್ಕೆ ವಯಸ್ಸು ತೋರಿಸಲು ಕೇಳುವುದು ಇದೇ ಎಸ್ಸೆಸ್ಸೆಲ್ಸಿ ಕಾರ್ಡು. ಮಕ್ಕಳು ಒಂಬತ್ತನೇ ಕ್ಲಾಸಿನಲ್ಲಿ ಇರುವಾಗಲೇ ಶಾಲೆಗೆ ಹೋಗಿ ದಾಖಲೆ ನೋಡಿ, ತಪ್ಪಿದ್ದರೆ ತಿದ್ದಿಸಿ. ನನ್ನ ಹಳೇ ವಿದ್ಯಾರ್ಥಿನಿ ಒಬ್ಬಳು ಕೆಲಸದ ಆರ್ಡರ್ ಕೈಯಲ್ಲಿ ಹಿಡಿದುಕೊಂಡು, ಹೆಸರಿನಲ್ಲಿ ಬಿಟ್ಟುಹೋದ ಒಂದು 'ಎಚ್'ಗಾಗಿ ಎರಡು ತಿಂಗಳು ಓಡಾಡಿದಳು.