ಕತ್ತರಿಸುವುದು ರ‍್ಯಾಗ್, ಬೆಸೆಯುವುದು ಯಾರು?

1983ರಲ್ಲಿ ಫಿಲಡೆಲ್ಫಿಯಾದ ಫಾಕ್ಸ್ ಚೇಸ್ ಕ್ಯಾನ್ಸರ್ ಕೇಂದ್ರದಿಂದ ಮೆಲ್ವಿನ್ ಬೊಸ್ಮಾ ತಂಡ ವಿಚಿತ್ರ ಇಲಿಗಳನ್ನು ವರದಿ ಮಾಡಿತು. ಅವುಗಳಲ್ಲಿ ರೋಗಗಳ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳಾದ ಬಿ ಕೋಶವೂ ಇಲ್ಲ, ಟಿ ಕೋಶವೂ ಇಲ್ಲ. ಈ ಕೋಶಗಳು ಬೆಳೆಯುವಾಗ ತಮ್ಮ ಡಿಎನ್‌ಎಯನ್ನೇ ಕತ್ತರಿಸಿ, ವಿ, ಡಿ, ಜೆ ಎಂಬ ತುಣುಕುಗಳನ್ನು ಹೊಸದಾಗಿ ಜೋಡಿಸಿಕೊಳ್ಳುತ್ತವೆ ಎಂಬುದು ಆಗಲೇ ಗೊತ್ತಿತ್ತು. ಪ್ರತಿಕಾಯದ ಜೀನ್‌ಗಳು ಹೀಗೆ ಸ್ಥಳ ಬದಲಿಸುವುದನ್ನು 1976ರಲ್ಲೇ ಬಾಸೆಲ್‌ನಲ್ಲಿ ಸುಸುಮು ತೊನೆಗಾವಾ ಮತ್ತು ಹೊಜುಮಿ ತೋರಿಸಿದ್ದರು. ಹಾಗಾದರೆ ಇಲಿಯಲ್ಲಿ ಕೆಟ್ಟಿದ್ದು ಕತ್ತರಿಯೇ?

ಅಲ್ಲ. ಕತ್ತರಿ ಸಿಕ್ಕಿದ್ದು 1989-90ರಲ್ಲಿ: ಡೇವಿಡ್ ಬಾಲ್ಟಿಮೋರ್ ಪ್ರಯೋಗಾಲಯದಲ್ಲಿ ಶಾಟ್ಜ್ ಮತ್ತು ಓಟಿಂಜರ್ ಗುರುತಿಸಿದ ಜೀನ್‌ಗಳಾದ ರ‍್ಯಾಗ್-1, ರ‍್ಯಾಗ್-2. ಇಲಿಗಳಲ್ಲಿ ಕತ್ತರಿ ಸರಿಯಾಗಿಯೇ ಓಡುತ್ತಿತ್ತು. ಆದರೆ ಅವುಗಳ ದೇಹದ ಬೇರೆ ಕೋಶಗಳೂ ಡಿಎನ್‌ಎಯನ್ನು ತುಂಡರಿಸುವ ಎಕ್ಸ್-ರೇ, ಗಾಮಾ ಕಿರಣಗಳಿಗೆ ಬೇಗ ಸಾಯುತ್ತಿದ್ದವು. ಗುಟ್ಟು ರಟ್ಟಾಗಿದ್ದು ಅಲ್ಲಿಯೇ. ಕತ್ತರಿ ಬಿ, ಟಿ ಕೋಶಗಳ ಸ್ವಂತದ್ದು. ಬೆಸುಗೆಯ ತಂಡ ಮಾತ್ರ ಮೈಯ ಎಲ್ಲ ಕೋಶಗಳಿಗೂ ಸೇರಿದ್ದು.

ಕತ್ತರಿಸುವ ಜಾಗಕ್ಕೆ ಡಿಎನ್‌ಎಯ ಅಕ್ಷರಗಳಲ್ಲೇ (ಎ, ಟಿ, ಜಿ, ಸಿ) ಬರೆದ ಗುರುತಿದೆ: 7 ಅಕ್ಷರ, ಮಧ್ಯೆ 12 ಅಥವಾ 23 ಅಕ್ಷರದ ಅಂತರ, ಬಳಿಕ 9 ಅಕ್ಷರ. 12ರದ್ದು 23ರ ಜೊತೆಗೇ ಕೂಡಬೇಕು. ರ‍್ಯಾಗ್ ಮೊದಲು ಒಂದು ಎಳೆಯನ್ನು ಸೀಳುತ್ತದೆ. ಆ ತುದಿ ಎದುರು ಎಳೆಗೆ ಅಂಟಿ ಹೇರ್‌ಪಿನ್‌ನಂತೆ ಮಡಚಿಕೊಳ್ಳುತ್ತದೆ. ಗುರುತಿನ ಕಡೆಯ ತುದಿಗಳು ಮಾತ್ರ ನೇರವಾಗಿ ಉಳಿದು, ಸುಲಭವಾಗಿ ಬೆಸೆದುಕೊಳ್ಳುತ್ತವೆ.

ಕಷ್ಟವಿರುವುದು ಮಡಚಿದ ತುದಿಗಳಲ್ಲಿ. ಉಂಗುರದಾಕಾರದ ಕು-70/ಕು-80 ಪ್ರೋಟೀನ್ ಜೋಡಿ ತುದಿಗೆ ತೊಟ್ಟುಕೊಂಡು ಡಿಎನ್‌ಎ-ಪಿಕೆಸಿಎಸ್ ಎಂಬ ದೊಡ್ಡ ಕಿಣ್ವವನ್ನು ಕರೆತರುತ್ತದೆ. ಅದು ಆರ್ಟೆಮಿಸ್ ಎಂಬ ಇನ್ನೊಂದು ಕಿಣ್ವವನ್ನು ಚುರುಕುಗೊಳಿಸುತ್ತದೆ. ಆರ್ಟೆಮಿಸ್ ಮಡಿಕೆಯನ್ನು ಬಿಚ್ಚುತ್ತದೆ. ಬಿಚ್ಚಿದ ತುದಿಗೆ ಟಿಡಿಟಿ ಕಿಣ್ವ ಯಾವ ಮಾದರಿಯನ್ನೂ ನೋಡದೆ ಅಕ್ಷರಗಳನ್ನು ಸೇರಿಸುತ್ತದೆ. ಕೊನೆಗೆ ಎಕ್ಸ್‌ಆರ್‌ಸಿಸಿ-4, ಎಕ್ಸ್‌ಎಲ್‌ಎಫ್ ಎಂಬ ಪ್ರೋಟೀನ್‌ಗಳ ನೆರವಿನಿಂದ ಲೈಗೇಸ್-4 ಕಿಣ್ವ ಬೆಸುಗೆ ಹಾಕುತ್ತದೆ. ಅಕ್ಷರಗಳನ್ನು ಮೂರು ಮೂರಾಗಿ ಓದಬೇಕಾದ್ದರಿಂದ ಮೂರರಲ್ಲಿ ಸುಮಾರು ಎರಡು ಬೆಸುಗೆಗಳು ಕೆಲಸಕ್ಕೆ ಬಾರವು. ದುಂದು ನಿಜ, ಆದರೆ ಪ್ರತಿಕಾಯಗಳ ಅಪಾರ ವೈವಿಧ್ಯಕ್ಕೆ ಈ ಒರಟು ರಿಪೇರಿಯೇ ಬೇಕು.

ಬೊಸ್ಮಾರ ಇಲಿಗಳಲ್ಲಿ ಕೆಟ್ಟಿದ್ದು ಡಿಎನ್‌ಎ-ಪಿಕೆಸಿಎಸ್. ಬಿಚ್ಚದ ಹೇರ್‌ಪಿನ್‌ಗಳು ಅವುಗಳ ಟಿ ಕೋಶಗಳು ಬೆಳೆಯುವ ಅಂಗವಾದ ಥೈಮಸ್‌ನಲ್ಲಿ ರಾಶಿಬಿದ್ದಿದ್ದವು.

ಕತ್ತರಿ ತಪ್ಪು ಜಾಗಕ್ಕೆ ಬಿದ್ದರೆ ಬೇರೆಯದೇ ಅಪಾಯ. ಫಾಲಿಕ್ಯುಲರ್ ಲಿಂಫೋಮಾ ಎಂಬ ಬಿ ಕೋಶಗಳ ಕ್ಯಾನ್ಸರ್‌ನಲ್ಲಿ 18ನೇ ವರ್ಣತಂತುವಿನ ಬಿಸಿಎಲ್-2 ಜೀನ್ 14ನೇ ವರ್ಣತಂತುವಿನ ಪ್ರತಿಕಾಯ ಜೀನ್‌ಗೆ ಬೆಸೆದುಕೊಂಡಿರುತ್ತದೆ. ಬಿಸಿಎಲ್-2ರಲ್ಲಿ ಡಿಎನ್‌ಎ ಅಸಹಜ ಆಕಾರ ತಾಳಿದ ಕಡೆ ರ‍್ಯಾಗ್ ಕತ್ತರಿಸಬಲ್ಲದೆಂದು 2004ರಲ್ಲಿ ತೋರಿಸಿದವರಲ್ಲಿ, ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದ ಸತೀಶ್ ರಾಘವನ್ ಒಬ್ಬರು.

ಮನುಷ್ಯರಲ್ಲಿ ಬಿ, ಟಿ ಕೋಶಗಳಿಲ್ಲದಂತೆ ಮಾಡುವ ಆರ್ಟೆಮಿಸ್ ದೋಷವನ್ನು 2001ರಲ್ಲಿ ಪ್ಯಾರಿಸ್‌ನ ಡಿ ವಿಲಾರ್ಟೆ ತಂಡ ಪತ್ತೆ ಮಾಡಿತು. ಅಮೆರಿಕದ ನವಾಹೊ ಸಮುದಾಯದಲ್ಲಿ ಇದು ಸುಮಾರು 2,000 ಶಿಶುಗಳಿಗೆ ಒಂದರಂತೆ ಕಾಣಿಸುತ್ತದೆ. ಚಿಕಿತ್ಸೆ ಅಸ್ಥಿಮಜ್ಜೆ ಕಸಿ. ಆದರೆ ಕಸಿಗೆ ಮುನ್ನ ಕೊಡುವ ವಿಕಿರಣ, ಬುಸಲ್ಫಾನ್‌ನಂಥ ಔಷಧಿಗಳೂ ಡಿಎನ್‌ಎಗೇ ಪೆಟ್ಟು ಕೊಡುವಂಥವು. ರಿಪೇರಿ ಬಲವಿಲ್ಲದ ಮಗುವಿನ ಬೆಳವಣಿಗೆ, ಹಲ್ಲುಗಳಿಗೂ ಇದರಿಂದ ಹಾನಿಯಾಗುತ್ತದೆ. ಹಾಗಾಗಿ 2022ರಲ್ಲಿ ಕ್ಯಾಲಿಫೋರ್ನಿಯಾದಿಂದ ವರದಿಯಾದ ಜೀನ್ ಚಿಕಿತ್ಸೆಯಲ್ಲಿ 10 ಶಿಶುಗಳಿಗೆ ಬುಸಲ್ಫಾನ್ ಅನ್ನು ಅತಿ ಕಡಿಮೆ ಪ್ರಮಾಣದಲ್ಲಿ ಕೊಟ್ಟು, ಸರಿಯಾದ ಆರ್ಟೆಮಿಸ್ ಜೀನ್ ಸೇರಿಸಿದ ಅವರದೇ ಕಾಂಡಕೋಶಗಳನ್ನು ಮರಳಿಸಲಾಯಿತು.