ಕಿತ್ತಳೆ ಹಣ್ಣಿನ ಮೇಲೆ ವಿಮಾನದ ದಾರಿ

ವಿರಾಜಪೇಟೆ ಹತ್ತಿರದ ಮನೆಯಲ್ಲಿ ಚಿಕ್ಕಮ್ಮ ಮೊಬೈಲ್ ಹಿಡಿದು ಕೂತಿದ್ದರು. ಮಗಳು ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದಳು. ಪರದೆ ಮೇಲಿನ ಪುಟ್ಟ ವಿಮಾನ ಪೂರ್ವಕ್ಕೂ ಅಲ್ಲ, ಪಶ್ಚಿಮಕ್ಕೂ ಅಲ್ಲ, ಉತ್ತರದ ಕಡೆ ಏರುತ್ತಿತ್ತು. "ಇದೇನೋ, ದಾರಿ ತಪ್ಪಿತಾ?" ಅಂದರು.

ಮೇಜಿನ ಮೇಲೆ ತೋಟದ ಕಿತ್ತಳೆ ಇತ್ತು. ಕೊಡಗಿನ ಕಿತ್ತಳೆ ಮೇಲೆ ಕೆಳಗೆ ಕೊಂಚ ಅಮುಕಿದ ಹಾಗಿರುತ್ತದೆ. ಭೂಮಿಯೂ ಹಾಗೇ: ಸಮಭಾಜಕದ ಬಳಿ ತ್ರಿಜ್ಯ 6,378 ಕಿ.ಮೀ., ಧ್ರುವದ ಬಳಿ 6,357. (ಹಣ್ಣಿನಷ್ಟು ಜಾಸ್ತಿ ಅಮುಕಿಲ್ಲ ಬಿಡಿ.) ತೊಟ್ಟೇ ಉತ್ತರ ಧ್ರುವ ಅಂದುಕೊಂಡು, ಹೊಟ್ಟೆಗಿಂತ ಸ್ವಲ್ಪ ಮೇಲೆ ಒಂದು ಗುಂಡುಸೂಜಿ ಚುಚ್ಚಿದೆ. ಅದು ಬೆಂಗಳೂರು. ಹಣ್ಣನ್ನು ಹೆಚ್ಚುಕಡಿಮೆ ಅರ್ಧ ಸುತ್ತು ತಿರುಗಿಸಿ, ಇನ್ನೂ ಸ್ವಲ್ಪ ಮೇಲೆ ಸ್ಯಾನ್ ಫ್ರಾನ್ಸಿಸ್ಕೋ. ನಡುವೆ ದಾರ ಎಳೆದು ಬಿಗಿ ಮಾಡಿದರೆ ಅದು ತಾನಾಗಿಯೇ ಜಾರಿ ತೊಟ್ಟಿನ ಪಕ್ಕಕ್ಕೆ ಬಂದು ನಿಂತಿತು. ಆ ದಾರದ ದಾರಿ ಸುಮಾರು 14,000 ಕಿ.ಮೀ. ಚಪ್ಪಟೆ ನಕ್ಷೆಯಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದು, ಅದರ ಮೇಲೇ ಹಾರಿದರೆ 16,000 ದಾಟುತ್ತದೆ.

ಎಡವಟ್ಟು ನಕ್ಷೆಯದು. 1569ರಲ್ಲಿ ಮರ್ಕೇಟರ್ ಅನ್ನೋ ನಕ್ಷೆಗಾರ ಅದನ್ನು ಬರೆದದ್ದು ಹಡಗಿನವರಿಗೆ ದಿಕ್ಕು ತಪ್ಪದಿರಲಿ ಅಂತ. ಅದಕ್ಕಾಗಿ ಧ್ರುವದ ಕಡೆಯ ನೆಲವನ್ನೆಲ್ಲ ಹಿಗ್ಗಿಸಬೇಕಾಯಿತು. ಅದರಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ಕಾಣುತ್ತದೆ, ನಿಜದಲ್ಲಿ ಆಫ್ರಿಕಾ ಸುಮಾರು 14 ಪಟ್ಟು ದೊಡ್ಡದು! ಜನವರಿ 2021ರಲ್ಲಿ ಮಹಿಳಾ ಪೈಲಟ್‌ಗಳೇ ನಡೆಸಿದ ಏರ್ ಇಂಡಿಯಾ ವಿಮಾನ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಬಂದದ್ದು ಈ ಉತ್ತರ ಧ್ರುವದ ದಾರಿಯಲ್ಲೇ.

ಚಿಕ್ಕಮ್ಮನಿಗೆ ಇನ್ನೊಂದು ಅನುಮಾನ. ಟಿಕೆಟ್ ಪ್ರಕಾರ ಮಧ್ಯಾಹ್ನ 2ಕ್ಕೆ ಹೊರಟು ಅದೇ ದಿನ ಸಂಜೆ 5ಕ್ಕೆ ಇಳಿಯಬೇಕು. ಬರೀ ಮೂರು ಗಂಟೆನಾ? ಚಳಿಗಾಲದಲ್ಲಿ ಅಲ್ಲಿನ ಗಡಿಯಾರ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಅದನ್ನು ಕೂಡಿಸಿದರೆ ಹದಿನಾರೂವರೆ. ಗಂಟೆಗೆ 900 ಕಿ.ಮೀ. ವೇಗದ ವಿಮಾನಕ್ಕೆ 14,000 ಕಿ.ಮೀ. ಅಂದರೆ ಹದಿನೈದೂವರೆ. ಮಿಕ್ಕಿದ್ದು ನೆಲದ ಮೇಲೆ ಉರುಳಾಟ, ಏರೋದು, ಇಳಿಯೋದು, ಮತ್ತೆ ಗಾಳಿ.

ಗಾಳಿಯದೇ ದೊಡ್ಡ ಆಟ. ಸುಮಾರು 10 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಕೆಲವೊಮ್ಮೆ ಗಂಟೆಗೆ 200 ಕಿ.ಮೀ. ಮೀರುತ್ತದೆ. ಅದು ಬೆನ್ನಿಗೆ ಸಿಕ್ಕಿದರೆ ಪುಕ್ಕಟೆ ವೇಗ, ಎದುರಾದರೆ ಇಂಧನ ಖಾಲಿ. ಅದಕ್ಕೇ ಲಂಡನ್‌ಗೆ ಹೋಗುವಾಗ ಹಿಡಿಯುವಷ್ಟು ಹೊತ್ತು ಬರುವಾಗ ಹಿಡಿಯುವುದಿಲ್ಲ. 2016ರಲ್ಲಿ ಏರ್ ಇಂಡಿಯಾ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ವಿಮಾನವನ್ನು ಅಟ್ಲಾಂಟಿಕ್ ಬಿಟ್ಟು ಪೆಸಿಫಿಕ್ ಕಡೆಗೆ ತಿರುಗಿಸಿತು. ದಾರಿ ಸಾವಿರ ಕಿ.ಮೀ.ಗೂ ಜಾಸ್ತಿ ಉದ್ದವಾಯಿತು, ಪ್ರಯಾಣ ಮಾತ್ರ ಬೇಗ ಮುಗಿಯಿತು.

ನಮ್ಮ ಕೊಡಗಿನಲ್ಲಿ ವಿಮಾನ ನಿಲ್ದಾಣ ಇಲ್ಲ. ವಿರಾಜಪೇಟೆಯಿಂದ ಕಣ್ಣೂರು ವಿಮಾನ ನಿಲ್ದಾಣಕ್ಕೆ ಕಾಗೆ ಹಾರಿದ ಹಾಗೆ ಹೋದರೆ 40 ಕಿ.ಮೀ. ಆಸುಪಾಸು. ವಿಮಾನದ ವೇಗಕ್ಕೆ ಮೂರು ನಿಮಿಷವೂ ಬೇಡ. ಮಾಕುಟ್ಟ ಘಾಟಿ ಇಳಿದು ರಸ್ತೆಯಲ್ಲಿ ಹೋದರೆ 60ರ ಹತ್ತಿರ. ಮಳೆಗಾಲದಲ್ಲಿ ಎಷ್ಟು ಹೊತ್ತು ಅಂತ ಕೇಳಬೇಡಿ, ಅದನ್ನು ಮರ ಬಿದ್ದಿದೆಯೋ ಇಲ್ಲವೋ ನೋಡಿಯೇ ಹೇಳಬೇಕು.