ಹಳೆಯ ಮೋಟಾರು ದೋಣಿ ಕೊಂಡವರು ಮೊದಲು ಹುಡುಕಬೇಕಾದದ್ದು ನೀರನ್ನು

ಕಡಿಮೆ ಬೆಲೆಗೆ ಸಿಕ್ಕಿತೆಂದು ಹಳೆಯ ಮೋಟಾರು ದೋಣಿಯನ್ನು ಮೊದಲ ಬಾರಿಗೆ ಕೊಂಡವರಲ್ಲಿ ಹೆಚ್ಚಿನವರು ಮೊದಲು ಕೈಹಾಕುವುದು ಬಣ್ಣಕ್ಕೆ ಮತ್ತು ಸೀಟಿನ ಹೊದಿಕೆಗೆ. ಕಣ್ಣಿಗೆ ಕಾಣುವ ಹಳತನವನ್ನು ಬೇಗ ಅಳಿಸಿಬಿಡಬೇಕು ಎನ್ನಿಸುವುದು ಸಹಜವೇ. ಆದರೆ ದುರಸ್ತಿಗೆ ಬರುವ ದೋಣಿಗಳನ್ನು ಬಿಚ್ಚಿ ನೋಡುವುದೇ ವೃತ್ತಿಯಾಗಿರುವ ನಾನು ಹೊಸ ಮಾಲೀಕರಲ್ಲಿ ಕೇಳಿಕೊಳ್ಳುವುದು ಇಷ್ಟು: ಇರಬಾರದ ಜಾಗದಲ್ಲಿ ನೀರು ಎಲ್ಲೆಲ್ಲಿ ಸೇರಿಕೊಂಡಿದೆ ಎಂದು ಪತ್ತೆಯಾಗುವ ತನಕ ಬೇರೆ ಯಾವುದಕ್ಕೂ ಹಣ ಹಾಕಬೇಡಿ. ಹಳೆಯ ದೋಣಿಯ ಬಹುಪಾಲು ರೋಗಗಳ ಮೂಲ ಅದೇ. ನೀರು ಮರದೊಳಗೆ ಹೊಕ್ಕರೆ ಮರ ಕೊಳೆಯುತ್ತದೆ, ಗೇರ್ ಎಣ್ಣೆಗೆ ಸೇರಿದರೆ ಹಲ್ಲುಗಳು ಸವೆಯುತ್ತವೆ, ಪೆಟ್ರೋಲಿಗೆ ಬೆರೆತರೆ ಎಂಜಿನ್ ನಡುನೀರಿನಲ್ಲಿ ನಿಲ್ಲುತ್ತದೆ, ತಂತಿಯೊಳಗೆ ಇಳಿದರೆ ತಾಮ್ರ ಕಪ್ಪಾಗಿ ಪುಡಿಯಾಗುತ್ತದೆ.

ಫೈಬರ್‌ಗ್ಲಾಸ್ ಕೊಳೆಯುವುದಿಲ್ಲ ಎಂಬ ಮಾತು ನಿಜವಾದರೂ ಅದರಿಂದ ಮೋಸಹೋಗುವವರು ಬಹಳ. ಹಳೆಯ ಫೈಬರ್‌ಗ್ಲಾಸ್ ದೋಣಿಗಳಲ್ಲಿ ಬಲ ಬೇಕಾದ ಕಡೆಗಳಲ್ಲೆಲ್ಲ ಎರಡು ಪದರಗಳ ನಡುವೆ ಪ್ಲೈವುಡ್ ಅಥವಾ ಮರದ ಪಟ್ಟಿಗಳನ್ನು ಸೇರಿಸಿರುತ್ತಾರೆ. ಎಂಜಿನ್ ತೂಗುವ ಹಿಂಗೋಡೆ, ಅಂದರೆ ಟ್ರಾನ್ಸಮ್, ತಳದುದ್ದಕ್ಕೂ ಓಡುವ ಉದ್ದತೊಲೆಗಳು ಮತ್ತು ಕಾಲಿಡುವ ನೆಲಹಾಸು ಇವುಗಳಲ್ಲಿ ಮುಖ್ಯವಾದವು. ಹಿಂದಿನ ಮಾಲೀಕರು ಏಣಿಯನ್ನೋ ಮೀನು ಪತ್ತೆಹಚ್ಚುವ ಯಂತ್ರದ ಸಂವೇದಕವನ್ನೋ ಕೂರಿಸಲು ಒಂದು ಸ್ಕ್ರೂ ತಿರುಗಿಸಿ, ಅದರ ತೂತಿಗೆ ಸೀಲಂಟ್ ತುಂಬದೆ ಬಿಟ್ಟಿದ್ದರೆ ಸಾಕು, ವರ್ಷಗಟ್ಟಲೆ ಹನಿಹನಿಯಾಗಿ ಒಳಗಿಳಿದ ನೀರು ಆ ಪ್ಲೈವುಡ್ಡನ್ನು ಹೊರಗಿನಿಂದ ಏನೂ ಕಾಣದ ಹಾಗೆ ಹಿಟ್ಟು ಮಾಡಿಬಿಡುತ್ತದೆ.

ಇದನ್ನು ಕಂಡುಹಿಡಿಯಲು ದುಬಾರಿ ಉಪಕರಣ ಬೇಡ. ಪ್ಲಾಸ್ಟಿಕ್ ತಲೆಯ ಸಣ್ಣ ಸುತ್ತಿಗೆಯಿಂದ ಹಿಂಗೋಡೆಯನ್ನು ಗೇಣು ಗೇಣಿಗೆ ತಟ್ಟುತ್ತ ಹೋಗಬೇಕು. ಗಟ್ಟಿ ಇರುವ ಕಡೆ ಸದ್ದು ಚುರುಕಾಗಿ ಮರಳಿ ಬರುತ್ತದೆ, ಕೊಳೆತ ಕಡೆ ಅದೇ ಪೆಟ್ಟು ಮಂಕಾಗಿ ಕೇಳುತ್ತದೆ. ಆಮೇಲೆ ಔಟ್‌ಬೋರ್ಡ್ ಎಂಜಿನ್ನಿನ ಕೆಳತುದಿಯನ್ನು ಹಿಡಿದು ಮೇಲಕ್ಕೂ ಕೆಳಕ್ಕೂ ಅಲ್ಲಾಡಿಸಿ, ಹಿಂಗೋಡೆ ಬಾಗುತ್ತದೆಯೇ ಎಂದು ಇನ್ನೊಬ್ಬರು ಪಕ್ಕದಿಂದ ನೋಡಬೇಕು. ಇಷ್ಟಾದ ಮೇಲೂ ಅನುಮಾನ ಉಳಿದರೆ ಒಳಬದಿಯಿಂದ, ತಗ್ಗಿನ ಭಾಗದಲ್ಲಿ, ಹೊರಪದರವನ್ನು ದಾಟದಂತೆ ಸಣ್ಣ ತೂತು ಕೊರೆಯುವುದೇ ನ್ಯಾಯವಾದ ಪರೀಕ್ಷೆ. ಡ್ರಿಲ್ ತುದಿಯಲ್ಲಿ ಬರುವ ಪುಡಿ ಒಣಗಿ ತಿಳಿಬಣ್ಣವಾಗಿದ್ದರೆ ಆ ತೂತನ್ನು ಎಪಾಕ್ಸಿ ಎಂಬ ಗಟ್ಟಿಯಾಗುವ ರಾಳದಿಂದ ಮುಚ್ಚಿ ಮುಂದೆ ಹೋಗಬಹುದು. ಕಪ್ಪಾಗಿ ಒದ್ದೆಯಾಗಿ ಹುಳಿವಾಸನೆ ಬಂದರೆ ಹಿಂಗೋಡೆಯನ್ನು ತೆರೆಯದೆ ಬೇರೆ ದಾರಿಯಿಲ್ಲ.

ನೆಲಹಾಸಿನ ಕೆಳಗೆ ತೇಲುವ ಫೋಮ್ ತುಂಬಿರುವ ದೋಣಿಗಳಲ್ಲಿ ಇನ್ನೊಂದು ಪ್ರಶ್ನೆಯಿದೆ. ಹಳೆಯ ಫೋಮ್ ನೀರು ಹೀರಿಕೊಂಡರೆ ತಾನಾಗಿ ಒಣಗುವುದು ಅಪರೂಪ. 100 ಲೀಟರ್ ನೀರು ಎಂದರೆ 100 ಕಿಲೋ ಹೆಚ್ಚುವರಿ ಭಾರ, ಮತ್ತು ಅಷ್ಟೇ ಪ್ರಮಾಣದ ತೇಲುವ ಶಕ್ತಿಯ ನಷ್ಟ. ದೋಣಿಯನ್ನು ಟ್ರೇಲರ್ ಸಮೇತ, ಲಾರಿಗಳನ್ನು ತೂಗುವ ತೂಕದ ಸೇತುವೆಯ ಮೇಲೆ ನಿಲ್ಲಿಸಿ, ಟ್ರೇಲರಿನ ತೂಕ ಕಳೆದು, ತಯಾರಕರು ಹೇಳಿದ ತೂಕದೊಂದಿಗೆ ಹೋಲಿಸಿದರೆ ನೆಲಹಾಸು ಕತ್ತರಿಸದೆಯೇ ಉತ್ತರ ಸಿಗುತ್ತದೆ. ಒದ್ದೆ ಫೋಮಿಗೆ ಒತ್ತಿಕೊಂಡು ಕೂತ ಅಲ್ಯೂಮಿನಿಯಂ ಇಂಧನ ಟ್ಯಾಂಕು ಹೊರಗಿನಿಂದಲೇ ತೂತು ಬೀಳುತ್ತದೆ ಎಂಬುದನ್ನೂ ಇಲ್ಲಿಯೇ ನೆನಪಿಡಬೇಕು.

ಹಿಂಗೋಡೆ, ತೊಲೆಗಳು, ಫೋಮ್ ಮೂರೂ ಕೆಟ್ಟಿದ್ದರೆ ನನ್ನ ಸಲಹೆ ಆ ದೋಣಿಯನ್ನು ಬಿಟ್ಟುಬಿಡುವುದೇ. ಕೊಂಡ ಬೆಲೆ ಕಡಿಮೆ ಎನ್ನುವುದು ದುರಸ್ತಿಯ ಖರ್ಚನ್ನು ಕಡಿಮೆ ಮಾಡುವುದಿಲ್ಲ. ಹಿಂಗೋಡೆ ಮಾತ್ರ ಕೆಟ್ಟಿದ್ದರೆ, ತಾಳ್ಮೆಯಿರುವವರು ಸ್ವತಃ ಮಾಡಬಹುದಾದ ಕೆಲಸ ಅದು. ಒಳಪದರವನ್ನು ಕತ್ತರಿಸಿ, ಕೊಳೆತದ್ದನ್ನು ಗಟ್ಟಿ ಫೈಬರ್‌ಗ್ಲಾಸ್ ಸಿಗುವ ತನಕ ಕೆರೆದು ತೆಗೆದು, ಹೊಸ ಮರೈನ್ ಪ್ಲೈವುಡ್ಡನ್ನು ಎಪಾಕ್ಸಿಯಲ್ಲಿ ಕೂರಿಸಿ, ಮೇಲೆ ಗಾಜುನಾರಿನ ಬಟ್ಟೆಯನ್ನು ಪದರ ಪದರವಾಗಿ ಹೊದಿಸಬೇಕು. ದೋಣಿ ಕಟ್ಟಿದ ಹಳೆಯ ಪಾಲಿಯೆಸ್ಟರ್ ರಾಳದ ಮೇಲೆ ಹೊಸ ಪಾಲಿಯೆಸ್ಟರ್‌ಗಿಂತ ಎಪಾಕ್ಸಿ ಬಿಗಿಯಾಗಿ ಹಿಡಿಯುತ್ತದೆ, ಆದುದರಿಂದ ಬೆಲೆ ಹೆಚ್ಚಾದರೂ ಬಲ ಬೇಕಾದ ಜಾಗಕ್ಕೆ ನಾನು ಅದನ್ನೇ ಹೇಳುತ್ತೇನೆ. ಹಳೆಯ ಮತ್ತು ಹೊಸ ಪದರ ಕೂಡುವ ಅಂಚನ್ನು ಪದರದ ದಪ್ಪದ 12 ಪಟ್ಟು ಅಗಲಕ್ಕೆ ಇಳಿಜಾರಾಗಿ ಉಜ್ಜಬೇಕು. ಉಜ್ಜುವ ಮೊದಲೇ ಅಸಿಟೋನಿನಿಂದ ಒರೆಸಬೇಕು, ಏಕೆಂದರೆ ಮೇಲ್ಮೈಯಲ್ಲಿರುವ ಮೇಣವನ್ನು ಒರೆಸದೆ ಉಜ್ಜಿದರೆ ಮರಳುಕಾಗದ ಆ ಮೇಣವನ್ನೇ ಒಳಕ್ಕೆ ತಿಕ್ಕುತ್ತದೆ. ಫೈಬರ್‌ಗ್ಲಾಸ್ ಧೂಳು ಮತ್ತು ರಾಳದ ಆವಿ ಎರಡಕ್ಕೂ ತಕ್ಕ ಮುಖವಾಡ ಧರಿಸದೆ ಈ ಕೆಲಸಕ್ಕೆ ಇಳಿಯಬಾರದು.

ಕೊನೆಗೆ ಎಂಜಿನ್ ಬೋಲ್ಟುಗಳ ತೂತು. ಬೋಲ್ಟಿಗಿಂತ ದೊಡ್ಡದಾಗಿ ಕೊರೆದು, ಮಂದಗೊಳಿಸಿದ ಎಪಾಕ್ಸಿ ತುಂಬಿ, ಅದು ಒಣಗಿದ ಮೇಲೆ ಅದರ ನಡುವೆ ಸರಿಯಾದ ಅಳತೆಯ ತೂತು ಹಾಕಿದರೆ ಮರಕ್ಕೆ ನೀರಿನ ಸೋಂಕೇ ಇರುವುದಿಲ್ಲ. ಈ ಒಂದು ಹೆಜ್ಜೆಯನ್ನು ಬಿಟ್ಟದ್ದರಿಂದಲೇ ಹೊಸದಾಗಿ ಕಟ್ಟಿದ ಹಿಂಗೋಡೆ ಮತ್ತೆ ಕೊಳೆತದ್ದನ್ನು ನಾನು ಕಂಡಿದ್ದೇನೆ.

ಎಂಜಿನ್ನಿನ ವಿಷಯದಲ್ಲಿ ಮೊದಲ ಪರೀಕ್ಷೆ ಕಂಪ್ರೆಶನ್, ಅಂದರೆ ಸಿಲಿಂಡರಿನೊಳಗೆ ಏಳುವ ಒತ್ತಡ. ಎಲ್ಲ ಸ್ಪಾರ್ಕ್ ಪ್ಲಗ್‌ಗಳನ್ನು ತೆಗೆದು, ಇಗ್ನಿಷನ್ ಕಿಡಿ ಹಾರದಂತೆ ಮಾಡಿ, ಥ್ರಾಟಲ್ ಪೂರ್ತಿ ತೆರೆದು, ಚೆನ್ನಾಗಿ ಚಾರ್ಜ್ ಆದ ಬ್ಯಾಟರಿಯಿಂದ ಎಂಜಿನ್ ತಿರುಗಿಸಿ ಪ್ರತಿ ಸಿಲಿಂಡರಿನ ಒತ್ತಡವನ್ನು ಬರೆದುಕೊಳ್ಳಬೇಕು. ಅಂಕಿ ಎಷ್ಟಿದೆ ಎಂಬುದಕ್ಕಿಂತ ಸಿಲಿಂಡರುಗಳ ನಡುವೆ ಹೊಂದಾಣಿಕೆ ಇದೆಯೇ ಎಂಬುದು ಮುಖ್ಯ. ಶೇಕಡ 10ರಿಂದ 15ಕ್ಕಿಂತ ಹೆಚ್ಚು ವ್ಯತ್ಯಾಸ ಕಂಡರೆ ಆ ಎಂಜಿನ್ನಿನ ಮೇಲೆ ಕಾರ್ಬ್ಯುರೇಟರ್ ಕಿಟ್‌ಗೂ ಹಣ ಹಾಕುವ ಮುನ್ನ ಕಾರಣ ತಿಳಿಯಬೇಕು.

ಎಂಜಿನ್ ಚಾಲೂ ಮಾಡಿ ನೋಡುವ ಆತುರದಲ್ಲಿ ಅದನ್ನು ನೀರಿಲ್ಲದೆ ಓಡಿಸುವುದು ಹೊಸಬರು ಮಾಡುವ ದೊಡ್ಡ ಹಾನಿ. ತಂಪಿಗೆ ನೀರೆಳೆಯುವ ಪಂಪಿನೊಳಗೆ ರಬ್ಬರಿನ ಇಂಪೆಲ್ಲರ್ ಇದೆ, ನೀರೇ ಅದಕ್ಕೆ ಜಾರುಕ, ಒಣಗಿ ತಿರುಗಿದರೆ ಕ್ಷಣಗಳಲ್ಲಿ ಅದರ ರೆಕ್ಕೆಗಳು ಸುಡತೊಡಗುತ್ತವೆ. ಹರಿಯುವ ಕೊಳಾಯಿ ನೀರನ್ನು ಜೋಡಿಸಿಯೇ ಚಾಲೂ ಮಾಡಬೇಕು. ಹಳೆಯ ದೋಣಿಯ ಇಂಪೆಲ್ಲರನ್ನು ಚೆನ್ನಾಗಿ ಕಂಡರೂ ಬದಲಿಸಬೇಕು, ಮುರಿದ ರೆಕ್ಕೆಯೇನಾದರೂ ಇದ್ದರೆ ಆ ತುಂಡು ನೀರಿನ ನಾಳದಲ್ಲಿ ಎಲ್ಲಿ ಸಿಕ್ಕಿದೆ ಎಂದು ಹುಡುಕಿ ತೆಗೆಯಬೇಕು.

ಗೇರ್ ಎಣ್ಣೆ ಹೇಳುವಷ್ಟು ಸತ್ಯವನ್ನು ಮಾರುವವರು ಹೇಳುವುದು ಕಡಿಮೆ. ಎಂಜಿನ್ನಿನ ಕೆಳತುದಿಯಲ್ಲಿರುವ ಗೇರ್ ಪೆಟ್ಟಿಗೆಯ ಕೆಳಗಿನ ಸ್ಕ್ರೂ ಸಡಿಲಿಸಿದಾಗ ಮೊದಲು ನೀರೇ ಬಂದರೆ ಅಥವಾ ಎಣ್ಣೆ ಹಾಲು ಬೆರೆಸಿದಂತೆ ಬಿಳಿಚಿಕೊಂಡಿದ್ದರೆ ಸೀಲ್ ಹೋಗಿದೆ ಎಂದೇ ಅರ್ಥ. ಪ್ರೊಪೆಲ್ಲರ್ ತೆಗೆದು ನೋಡಿದರೆ ಶಾಫ್ಟಿಗೆ ಸುತ್ತಿಕೊಂಡ ಗಾಳದ ದಾರ ಸೀಲನ್ನು ಕೊಯ್ದಿರುವುದು ಎಷ್ಟೋ ಸಲ ಕಾಣುತ್ತದೆ. ಹೊಸ ಎಣ್ಣೆಯನ್ನು ಕೆಳಗಿನ ತೂತಿನಿಂದ ಮೇಲಕ್ಕೆ ತುಂಬಬೇಕು, ಆಗ ಒಳಗಿನ ಗಾಳಿ ಮೇಲಿನ ತೂತಿನಿಂದ ಹೊರಹೋಗುತ್ತದೆ. ಎರಡೂ ಸ್ಕ್ರೂಗಳ ವಾಷರ್ ಹೊಸದಿರಲಿ.

ಟ್ಯಾಂಕಿನಲ್ಲಿ ಉಳಿದಿರುವ ಹಳೆಯ ಪೆಟ್ರೋಲಿಗೆ ಹೊಸದನ್ನು ಬೆರೆಸಿ ಸರಿಮಾಡಲಾಗದು, ಪೂರ್ತಿ ತೆಗೆಯಬೇಕು. ಎಥನಾಲ್ ಬೆರೆತ ಪೆಟ್ರೋಲು ಗಾಳಿಯ ತೇವವನ್ನು ಹೀರುತ್ತದೆ, ಅದು ಮಿತಿ ಮೀರಿದಾಗ ನೀರು ಮತ್ತು ಎಥನಾಲ್ ಒಟ್ಟಾಗಿ ಬೇರ್ಪಟ್ಟು ಟ್ಯಾಂಕಿನ ತಳದಲ್ಲಿ ನಿಲ್ಲುತ್ತವೆ, ಎಂಜಿನ್ ಎಳೆದುಕೊಳ್ಳುವುದು ಆ ತಳದಿಂದಲೇ. ಎಥನಾಲ್ ತಾಳದ ಹಳೆಯ ರಬ್ಬರ್ ಕೊಳವೆಗಳು ಒಳಗಿನಿಂದ ಮೆತ್ತಗಾಗಿ ಉದುರಿ ಕಾರ್ಬ್ಯುರೇಟರಿನ ಸಣ್ಣ ರಂಧ್ರಗಳನ್ನು ಕಟ್ಟುತ್ತವೆ. ಕೊಳವೆ, ಪೆಟ್ರೋಲು ಹರಿಸಲು ಕೈಯಿಂದ ಒತ್ತುವ ರಬ್ಬರ್ ಬುರುಡೆ, ಕ್ಲಿಪ್ಪು ಎಲ್ಲವನ್ನೂ ದೋಣಿಗೆಂದೇ ತಯಾರಾದವುಗಳಿಂದ ಬದಲಿಸಿ, ನಡುವೆ ನೀರು ಬೇರ್ಪಡಿಸುವ 10 ಮೈಕ್ರಾನ್ ಫಿಲ್ಟರ್ ಹಾಕುವುದು ಒಳ್ಳೆಯದು.

ಪೆಟ್ರೋಲಿನ ಆವಿಯ ವಿಷಯದಲ್ಲಿ ಮಾತ್ರ ಸಲಹೆಯಲ್ಲ, ಎಚ್ಚರಿಕೆಯನ್ನೇ ಕೊಡಬೇಕು. ಅದು ಗಾಳಿಗಿಂತ ಭಾರ. ಕಾರಿನಲ್ಲಿ ಸೋರಿದ ಪೆಟ್ರೋಲಿನ ಆವಿ ರಸ್ತೆಗೆ ಇಳಿದು ಚೆದುರುತ್ತದೆ, ದೋಣಿಯಲ್ಲಿ ಅದು ನೀರು ಸೇರುವ ತಳಗುಂಡಿಯಾದ ಬಿಲ್ಜ್‌ನಲ್ಲಿ ಇಳಿದು ಅಲ್ಲೇ ಕಾಯುತ್ತದೆ. ಒಳಗೆ ಕೂರಿಸಿದ ಎಂಜಿನ್ ಇರುವ ದೋಣಿಯಲ್ಲಿ ಕಾರಿನ ಸ್ಟಾರ್ಟರ್ ಅಥವಾ ಆಲ್ಟರ್ನೇಟರ್ ಅಗ್ಗವೆಂದು ಹಾಕುವುದು ಜೀವಕ್ಕೆ ಅಪಾಯ. ನೋಡಲು ಒಂದೇ ಆದರೂ ದೋಣಿಯ ಬಿಡಿಭಾಗದ ಒಳಗಿನ ಕಿಡಿ ಹೊರಗಿನ ಆವಿಗೆ ತಾಗದಂತೆ ಕಟ್ಟಿರುತ್ತಾರೆ, ಕಾರಿನದ್ದಕ್ಕೆ ಆ ರಕ್ಷಣೆ ಇಲ್ಲ. ಚಾಲೂ ಮಾಡುವ ಮುನ್ನ ಬಿಲ್ಜ್‌ನ ಗಾಳಿಯನ್ನು ಹೊರಹಾಕುವ ಫ್ಯಾನ್ ಆದ ಬ್ಲೋವರನ್ನು ಕನಿಷ್ಠ 4 ನಿಮಿಷ ಓಡಿಸಿ, ಮುಚ್ಚಳ ತೆರೆದು ಮೂಸಿ ನೋಡಬೇಕು. ವಾಸನೆ ಇದ್ದರೆ ಕೀಲಿ ತಿರುಗಿಸಲೇಬಾರದು. ಎತ್ತಿ ಇಡಬಹುದಾದ ಟ್ಯಾಂಕನ್ನು ದೋಣಿಯಿಂದ ಇಳಿಸಿ, ನೆಲದ ಮೇಲಿಟ್ಟು ತುಂಬಿಸಬೇಕು.

ವೈರಿಂಗ್ ನೋಡುವಾಗ ಹಿಂದಿನ ಮಾಲೀಕರು ಸೇರಿಸಿದ ಪ್ರತಿಯೊಂದು ಗಂಟನ್ನೂ ಅನುಮಾನಿಸಬೇಕು. ಮನೆಗೆ ಬಳಸುವ ಒಂಟಿ ಎಳೆಯ ತಂತಿ ಅಲುಗಾಟಕ್ಕೆ ತುಂಡಾಗುತ್ತದೆ, ಬರಿಯ ತಾಮ್ರ ಉಪ್ಪುಗಾಳಿಗೆ ಕಪ್ಪಾಗುತ್ತದೆ. ತವರ ಲೇಪಿಸಿದ ಅನೇಕ ಎಳೆಗಳ ತಂತಿ, ಒತ್ತಿ ಕೂರಿಸಿದ ಟರ್ಮಿನಲ್, ಅದರ ಮೇಲೆ ಬಿಸಿಗೆ ಕುಗ್ಗಿ ಅಂಟುವ ಕೊಳವೆ, ಮತ್ತು ಬ್ಯಾಟರಿಯಿಂದ ಸುಮಾರು 7 ಇಂಚಿನೊಳಗೆ ಮುಖ್ಯ ಫ್ಯೂಸ್ ಬೇಕು. ಬಿಲ್ಜ್ ಪಂಪ್ ಮುಖ್ಯ ಸ್ವಿಚ್ಚಿಗೆ ಅಧೀನವಾಗಬಾರದು, ತನ್ನದೇ ಫ್ಯೂಸ್ ಮತ್ತು ತೇಲುವ ಸ್ವಿಚ್ಚಿನೊಂದಿಗೆ ನೇರ ಬ್ಯಾಟರಿಗೆ ಸೇರಿರಬೇಕು. ಮಾಲೀಕರು ಹತ್ತಿರವಿಲ್ಲದಾಗಲೂ ಅದು ಎಚ್ಚರವಾಗಿರಬೇಕಷ್ಟೆ.

ನೀರಿನ ಮಟ್ಟದ ಕೆಳಗೆ ತೆರೆದುಕೊಳ್ಳುವ ಕವಾಟಗಳು ಹಿತ್ತಾಳೆಯವಾಗಿದ್ದರೆ ಚಾಕುವಿನಿಂದ ಸ್ವಲ್ಪ ಕೆರೆದು ನೋಡಿ. ಬಣ್ಣ ಗುಲಾಬಿಗೆ ತಿರುಗಿದ್ದರೆ ಸತು ಕರಗಿಹೋಗಿ ಲೋಹ ಪುಡಿಯಾಗುತ್ತಿದೆ ಎಂದರ್ಥ, ಕಂಚಿನದ್ದನ್ನು ಹಾಕಬೇಕು. ಎಂಜಿನ್ನಿನ ಲೋಹ ಉಳಿಸಲು ತಾನು ಕರಗುವ ಆನೋಡ್ ಅರ್ಧ ಸವೆದಾಗ ಬದಲಿಸಬೇಕು: ಉಪ್ಪುನೀರಿಗೆ ಸತು ಅಥವಾ ಅಲ್ಯೂಮಿನಿಯಂ, ಸಿಹಿನೀರಿಗೆ ಮೆಗ್ನೀಸಿಯಂ. ಅದಕ್ಕೆ ಬಣ್ಣ ಬಳಿದರೆ ಅದು ಕೆಲಸ ಮಾಡುವುದಿಲ್ಲ.

ಟ್ರೇಲರಿನ ಚಕ್ರದ ಬೇರಿಂಗುಗಳನ್ನೂ ಬಿಚ್ಚಿ ಗ್ರೀಸ್ ಬದಲಿಸಬೇಕು. ಓಡಿ ಬಿಸಿಯಾದ ಹಬ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ನೀರನ್ನು ಒಳಗೆಳೆಯುತ್ತದೆ. ಟೈರಿನ ವಯಸ್ಸನ್ನು ಅದರ ಬದಿಯ ನಾಲ್ಕು ಅಂಕಿಗಳಲ್ಲಿ ಓದಬಹುದು, ಮೊದಲೆರಡು ವಾರ, ಕೊನೆಯೆರಡು ವರ್ಷ.

ಮೊದಲ ಸಲ ನೀರಿಗಿಳಿಸುವ ದಿನ ತಳದ ಬಿರಡೆ ಬಿಗಿಯಾಗಿದೆಯೇ ಎಂದು ಕೈಯಿಂದ ಮುಟ್ಟಿ ನೋಡಿ, ದೋಣಿಯನ್ನು ದಡಕ್ಕೆ ಕಟ್ಟಿಯೇ ಅರ್ಧ ಗಂಟೆ ತೇಲಲು ಬಿಡಬೇಕು. ಆ ಹೊತ್ತಿನಲ್ಲಿ ಬಿಲ್ಜ್‌ಗೆ ನೀರು ಬರುತ್ತಿದ್ದರೆ ಪಂಪ್ ಓಡಿಸುವುದಲ್ಲ, ಎಲ್ಲಿಂದ ಬರುತ್ತಿದೆ ಎಂದು ಟಾರ್ಚ್ ಹಿಡಿದು ನೋಡುವುದು ಕೆಲಸ. ಆಮೇಲೆ ಲೈಫ್ ಜಾಕೆಟ್ ತೊಟ್ಟು, ಎಂಜಿನ್ ನಿಲ್ಲಿಸುವ ಸುರಕ್ಷಾ ದಾರವನ್ನು ಮೈಗೆ ಸಿಕ್ಕಿಸಿ, ಲಂಗರು, ಹುಟ್ಟು, ಬೆಂಕಿ ಆರಿಸುವ ಸಾಧನ ಜೊತೆಗಿಟ್ಟುಕೊಂಡು, ಎಂಜಿನ್ ಕೈಕೊಟ್ಟರೂ ಹುಟ್ಟು ಹಾಕಿ ಮರಳಬಹುದಾದಷ್ಟೇ ದೂರ ಹೋಗಬೇಕು. ಎಂಜಿನ್ನಿನಿಂದ ಹೊರಚಿಮ್ಮುವ ತಂಪುನೀರಿನ ಧಾರೆ ಸಣ್ಣದಾದರೆ ಕೂಡಲೇ ನಿಲ್ಲಿಸಿ. ಎಲ್ಲ ಸರಿಯಿದ್ದರೆ ಪೂರ್ಣ ಥ್ರಾಟಲಿನಲ್ಲಿ ಎಂಜಿನ್ನಿನ ಆರ್‌ಪಿಎಂ ಓದಿಕೊಳ್ಳಿ. ಅದು ತಯಾರಕರು ಹೇಳಿದ ಕನಿಷ್ಠ ಮಿತಿಗಿಂತ ಕಡಿಮೆಯಿದ್ದರೆ ಪ್ರೊಪೆಲ್ಲರಿನ ಪಿಚ್, ಅಂದರೆ ಒಂದು ಸುತ್ತಿಗೆ ಅದು ಮುಂದೆ ಸಾಗಬೇಕಾದ ದೂರ, ಹೆಚ್ಚಾಗಿದೆ ಅಥವಾ ದೋಣಿ ಇರಬೇಕಾದುದಕ್ಕಿಂತ ಭಾರವಾಗಿದೆ. ಪಿಚ್ ಒಂದು ಇಂಚು ಕಡಿಮೆಯಾದರೆ ಸುಮಾರು 150ರಿಂದ 200 ಆರ್‌ಪಿಎಂ ಏರುತ್ತದೆ. ಹೊಸ ಪ್ರೊಪೆಲ್ಲರ್ ಕೊಳ್ಳುವ ಮೊದಲು, ತೂಕ ನೋಡಿರದಿದ್ದರೆ, ದೋಣಿಯನ್ನು ತೂಕದ ಸೇತುವೆಗೆ ಒಯ್ಯಿರಿ.